ಬಿಡು ಅನ್ನುವ ಮಾತು

ಎರಡನೇ ಸುತ್ತಿಗೆ ಬರುವಷ್ಟರಲ್ಲಿ ನಿಂಕೆಯ ಹೆಗಲು ಉರಿಯತೊಡಗಿತ್ತು. ಫ್ರೀಸ್‌ಲಾಂಡ್ ಪ್ರಾಂತ್ಯದ ಆ ಹಳ್ಳಿಯಲ್ಲಿ ಹೆಣವನ್ನು ಸೀದಾ ಗುಂಡಿಗೆ ಒಯ್ಯುವುದಿಲ್ಲ, ಚರ್ಚಿಗೆ ಮೂರು ಸುತ್ತು ಹಾಕಿಸಿಯೇ ಇಳಿಸಬೇಕು. ಪೆಟ್ಟಿಗೆಯೊಳಗಿದ್ದವಳು ಹಿಸ್ಕೆ, ಮೂವತ್ತು ವರ್ಷ ದನದ ಡಾಕ್ಟರ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದವಳು. ನಿಂಕೆಯ ಮುಂದೆ ಹೆಗಲು ಕೊಟ್ಟಿದ್ದವರು ಆ ಡಾಕ್ಟರೇ, ಡೌವೆ.

"ಸೋಮವಾರ ಬೆಳಿಗ್ಗೆ ಆಸ್ಪತ್ರೆ ಬಾಗಿಲು ನೀನೇ ತೆಗೀತೀಯಲ್ಲ?" ಡೌವೆ ತಿರುಗದೆಯೇ ಪಿಸುಗುಟ್ಟಿದರು. "ಹಿಸ್ಕೆ ಹತ್ರ ಇದ್ದ ಬೀಗದ ಕೈ ಅವಳ ಅಕ್ಕನಿಂದ ಇಸ್ಕೊಂಡಿದೀನಿ."

"ಡಾಕ್ಟ್ರೇ, ನನ್ನ ಕಾಲೇಜಿನ ವಿಷಯ..."

"ಈಗ ಬೇಡ ಮರಿ. ಮೊದಲು ಇವಳನ್ನ ಮಣ್ಣು ಮಾಡೋಣ."

ನಿಂಕೆಯೂ ಅದೇ ಆಸ್ಪತ್ರೆಯ ಸಹಾಯಕಿ, ಹಿಸ್ಕೆಯ ಕೈಕೆಳಗೆ ಪಳಗಿದವಳು. ಲೇವಾರ್ಡನ್ ಪಟ್ಟಣದ ಕಾಲೇಜು ಅವಳಿಗೆ ಸೀಟು ಕೊಟ್ಟಿತ್ತು: ಪಶು ಶುಶ್ರೂಷೆಯ ಕೋರ್ಸು, ಮೂರು ವರ್ಷ. ಬರುತ್ತೇನೆಂದು ಇವತ್ತು ಸಂಜೆ ಐದರೊಳಗೆ ಫೋನು ಮಾಡಿ ಹೇಳಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರ ಪಾಲು. ಆ ಓದಿಲ್ಲದೆ ಒಂದು ಸೂಜಿ ಚುಚ್ಚುವಂತಿಲ್ಲ, ಬೇರೆ ಯಾವ ಆಸ್ಪತ್ರೆಯೂ ಕೆಲಸ ಕೊಡುವುದಿಲ್ಲ. ನೆಲ ಒರೆಸಬಹುದು, ಫೋನು ಎತ್ತಬಹುದು, ಪ್ರಾಣಿಗಳನ್ನು ಹಿಡಿಯಬಹುದು. ಹಿಸ್ಕೆ ಸಾಯುವವರೆಗೂ ಮಾಡಿದ್ದು ಅಷ್ಟೇ.

ಮೂರನೇ ಸುತ್ತು ಶುರುವಾಯಿತು. ನಿಂಕೆಗೆ ಅಳುವಿಗಿಂತ ಹೆಚ್ಚಾಗಿ ಭಯವಾಗುತ್ತಿತ್ತು.

* * *

"ಡೌವೆ 'ಹಿಡಿ' ಅಂದ್ರೆ ಹಿಡೀಬೇಕು," ನಿಂಕೆ ಕೆಲಸಕ್ಕೆ ಸೇರಿದ ದಿನ ಹಿಸ್ಕೆ ಒಂದು ಕೆಂಪು ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡು ಹೇಳಿಕೊಟ್ಟಿದ್ದಳು. "'ಬಿಡು' ಅನ್ನೋವರೆಗೂ ಬಿಡೋ ಹಾಗಿಲ್ಲ. ನೀನು ಬಿಟ್ರೆ ಹೋಗೋದು ಅವ್ರ ಬೆರಳು."

"ಅವ್ರು ಬಿಡು ಅನ್ನೋದನ್ನೇ ಮರೆತ್ರೆ?"

ಹಿಸ್ಕೆ ಬಿದ್ದು ಬಿದ್ದು ನಕ್ಕಳು. "ಮರೀತಾರೆ ಕಣೇ! ಒಂದ್ಸಲ ಕೈ ತೊಳ್ಕೊಂಡು ಊಟಕ್ಕೇ ಹೋಗ್ಬಿಟ್ರು. ನಾನೂ ಒಂದು ಟಗರೂ ಮುಖ ಮುಖ ನೋಡ್ಕೊಂಡು ಕೂತಿದ್ವಿ."

"ನೀನು ಯಾಕೆ ಓದೋಕೆ ಹೋಗ್ಲಿಲ್ಲ?"

"ಹೊರಟಿದ್ದೆ. ಆ ವರ್ಷ ಹೋರಿ ಒದ್ದು ಡೌವೆ ಕಾಲು ಮುರ್ಕೊಂಡ್ರು. ಮುಂದಿನ ವರ್ಷ ಅವ್ರ ಹೆಂಡ್ತಿ ಬಿಟ್ಟು ಹೋದ್ಲು. ಆಮೇಲೆ..." ಹಿಸ್ಕೆ ಬೆಕ್ಕಿನ ಕಿವಿ ಕೆರೆದಳು. "ಆಮೇಲೆ ಚಿಕ್ಕ ಹುಡುಗೀರ ಪಕ್ಕ ಕೂರೋಕೆ ನಾಚ್ಕೆ ಆಯ್ತು. ಒಳ್ಳೇ ಮನುಷ್ಯ ಕಣೇ ಡೌವೆ. ಕೆಟ್ಟೋರಾಗಿದ್ರೆ ಎಂದೋ ಬಿಟ್ಟು ಹೋಗ್ತಿದ್ದೆ. ನೀನು ಮಾತ್ರ ಹೀಗೆ ಮಾಡ್ಕೋಬೇಡ."

* * *

ಮಣ್ಣು ಮುಗಿದ ಮೇಲೆ ಎಲ್ಲರೂ ಊರ ಸಭಾಂಗಣದಲ್ಲಿ ಕಾಫಿಗೆ ಸೇರಿದರು. ಲವಂಗ ಹಾಕಿದ ಚೀಸಿನ ತುಂಡುಗಳಿಗೆ ಕಡ್ಡಿ ಚುಚ್ಚಿ ತಟ್ಟೆಯಲ್ಲಿಟ್ಟಿದ್ದರು.

"ಕೊನೇಗೂ ರಜಾ ಸಿಕ್ತು ನನ್ನ ತಂಗೀಗೆ," ಎಂದಳು ಹಿಸ್ಕೆಯ ಅಕ್ಕ ಟ್ರೀಂಚೆ, ಸಕ್ಕರೆ ಬ್ರೆಡ್ಡು ಹಂಚುತ್ತ.

"ಹಿಸ್ಕೆ ಹೋದ್ರೇನು, ನಿಂಕೆ ಇದಾಳಲ್ಲ," ಎಂದ ರೈತ ಗೆರ್ಲೋಫ್. "ನನ್ನ ಹಸುಗಳಿಗೇನೂ ಚಿಂತೆಯಿಲ್ಲ." ಅವನ ಮುದಿ ನಾಯಿ ಮೇಜಿನ ಕೆಳಗೆ ಆಸೆಗಣ್ಣಿನಿಂದ ಕೂತಿತ್ತು.

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ನಿಂಕೆ ಕಿಟಕಿಯ ಬಳಿಗೆ ಹೋಗಿ ಫೋನು ತೆಗೆದಳು. ಅದರ ಜೊತೆ ಬೀಗದ ಕೈಯೂ ಬಂತು. ಡೌವೆ ಯಾವ ಮಾಯದಲ್ಲಿ ಅದನ್ನು ಅವಳ ಜೇಬಿಗೆ ಹಾಕಿದ್ದರೋ! ಅದನ್ನು ಮತ್ತೆ ಜೇಬಿಗೆ ತುರುಕಿ ಅವಳು ಕಾಲೇಜಿಗೆ ಫೋನು ಹಚ್ಚಿದಳು. ದಯವಿಟ್ಟು ಕಾಯಿರಿ ಎಂದಿತು ಅದು, ಸಂಗೀತ ಹಾಕಿತು.

ಅಷ್ಟರಲ್ಲಿ ಹಿಂದೆ ನಾಯಿ ಕಿರುಚಿಕೊಂಡಿತು. ಚೀಸನ್ನು ಕಡ್ಡಿಯ ಸಮೇತ ನುಂಗಲು ಹೋಗಿ ಕಡ್ಡಿ ಅಂಗುಳಿಗೆ ಅಡ್ಡ ಸಿಕ್ಕಿಕೊಂಡಿತ್ತು.

"ನಿಂಕೆ, ಹಿಡಿ!" ಎಂದರು ಡೌವೆ.

ಅವಳು ಯೋಚಿಸುವ ಮೊದಲೇ ಮೊಣಕಾಲು ನೆಲಕ್ಕೆ ತಾಗಿತ್ತು. ಫೋನು ಪಕ್ಕದಲ್ಲಿ ಬಿದ್ದಿತ್ತು, ಎರಡೂ ಕೈ ನಾಯಿಯ ಕತ್ತಿನ ಸುತ್ತ ಇದ್ದವು. ಡೌವೆ ಬಾಯಿಗೆ ಬೆರಳು ಹಾಕಿ ಕಡ್ಡಿಯನ್ನು ಹೊರಗೆಳೆದರು. ಜನ ಚಪ್ಪಾಳೆ ತಟ್ಟಿದರು. ಯಾರೋ ಡೌವೆಯವರ ಕೈಗೆ ಕಾಫಿ ಕೊಟ್ಟರು. ಅವರು ಬಿಡು ಅನ್ನದೆಯೇ ಆ ಕಡೆ ತಿರುಗಿ, "ಹೀಗೇ ಒಂದ್ಸಲ ಹಿಸ್ಕೆ ಒಂದು ಟಗರನ್ನ ಹಿಡ್ಕೊಂಡು..." ಎಂದು ಶುರುಮಾಡಿದರು.

"ಡಾಕ್ಟ್ರೇ," ಎಂದಳು ನಿಂಕೆ.

"ಒಂದ್ನಿಮಿಷ ಮರಿ."

ನೆಲದ ಮೇಲಿನ ಫೋನಿನಲ್ಲಿ ಸಂಗೀತ ನಿಂತಿತು. "ಹಲೋ, ಪ್ರವೇಶ ವಿಭಾಗ," ಎಂದಿತು ಹೆಂಗಸಿನ ದನಿ. "ಹಲೋ? ಯಾರು ಮಾತಾಡ್ತಿರೋದು?"

ಗೆರ್ಲೋಫ್ ಬಗ್ಗಿ ನೋಡಿ ನಕ್ಕ. "ನೋಡ್ರಪ್ಪಾ, ಥೇಟ್ ಹಿಸ್ಕೆನೇ!"

ನಾಯಿ ಆಗಲೇ ಸುಮ್ಮನಾಗಿ ನಿಂಕೆಯ ಮಣಿಕಟ್ಟು ನೆಕ್ಕುತ್ತಿತ್ತು. "ಹಲೋ?" ಎಂದಿತು ಫೋನು ಇನ್ನೊಮ್ಮೆ. ಅವಳ ಕೈ ಸಡಿಲವಾಗಲಿಲ್ಲ.