ಬಲಗಾಲಿನ ಜಾಗ

ಗುರುಶಾಂತನ ಬಲಗಾಲಿಗೆ ಮಡಚುವ ಮಂಡಿ ಇರಲಿಲ್ಲ. ಮನೆಯವರಿಗೆಲ್ಲ ಇದು ಗೊತ್ತಿತ್ತು. ಆದರೂ ಅವನ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಹಣೆಗೆ ಬಟ್ಟೆ ಬಿಗಿದು ಗೂಟಕ್ಕೆ ಕಟ್ಟಿ, ಎಡಗಾಲನ್ನು ಮಡಚಿ ಕೂಡಿಸಿದ ಮೇಲೆಯೇ ಅದು ನೆನಪಾದದ್ದು. ಇಬ್ಬರು ಬಲಗಾಲು ಹಿಡಿದು ಒತ್ತಿದರು. ಕಾಲು ಬಾಗಲಿಲ್ಲ. ಹೆಣವೇ ಪಕ್ಕಕ್ಕೆ ವಾಲಿತು.

"ಸಾವಕಾಶ ಒತ್ರೋ," ಎಂದ ಅಣ್ಣ ದಿಗಂಬರ. "ಇನ್ನಾ ಮೈ ಸೆಟದಿಲ್ಲ. ಬಗ್ತದ."

"ಒಳಗ ಕಬ್ಬಿಣ ಅದ, ಭಾವಾ," ಎಂದಳು ಕಸ್ತೂರಿಬಾಯಿ. ಗಂಡನ ತಲೆ ಜಾರದಂತೆ ಹಿಡಿದು ಕೂತಿದ್ದಳು. "ತೊಡಿಯಿಂದ ಕಣಕಾಲತನ ಸರಳ ಹಾಕ್ಯಾರ. ಇಪ್ಪತ್ತೊಂದ ವರ್ಷ ಬಗ್ಗಿಲ್ಲ. ಇವತ್ತ ನಿಮ್ಮ ಮಾತ ಕೇಳ್ತದೇನು?"

"ಗೊತ್ತದ ನನಗ. ಆದ್ರ ಕೂಡಸಲಾರದ ಹ್ಯಾಂಗ ಮಣ್ಣ ಮಾಡೋದು? ನಮ್ಮ ಮುತ್ಯಾ ಕೂತು ಹೋದ, ನಮ್ಮಪ್ಪ ಕೂತು ಹೋದ. ಇವನೊಬ್ಬನ್ನ ಕಟಗಿ ಹಂಗ ಮಲಗಸ್ಲೇನು? ನಾಳಿ ರಾಜೇಶ್ವರ ಊರಾಗ ಮಂದಿ ಏನಂತಾರ?"

ದಿಗಂಬರ ಅಂಗಳದ ಕಡೆ ತಿರುಗಿ ಒಬ್ಬನನ್ನು ಕರೆದ. "ಹೆದ್ದಾರಿ ಬಾಜೂಕ ವೆಲ್ಡಿಂಗ್ ಅಂಗಡಿ ಅದಲ್ಲ, ಅಲ್ಲಿಂದ ದೊಡ್ಡ ಸುತಗಿ ತಗೊಂಡ ಬಾ. ಜಲ್ದಿ."

ಕಸ್ತೂರಿಬಾಯಿ ತಲೆ ಎತ್ತಿದಳು. "ಸುತಗಿ ಯಾಕ?"

"ಮಂಡಿ ಮ್ಯಾಲ ಎರಡ ಏಟ ಸಾಕು. ಸತ್ತವಗ ಏನ್ ನೋವು?"

ಅಷ್ಟರಲ್ಲಿ ದಿಗಂಬರನ ಮಗ ಬಸವಕಿರಣ ಹುಮನಾಬಾದಿನಿಂದ ಬಂದ. ಬೈಕಿನ ಮೇಲೆ ಸುರುಳಿ ಸುತ್ತಿದ ಫ್ಲೆಕ್ಸ್ ಇತ್ತು. ಅಂಗಳದಲ್ಲಿ ಬಿಚ್ಚಿದ. ಹತ್ತು ಅಡಿ ಉದ್ದದ ಚಿತ್ರ. ಉರಿಯುವ ಮಾಳಿಗೆಯಿಂದ ಓಡುವ ಲಾರಿಯ ಮೇಲೆ ಹಾರುತ್ತಿರುವ ಹೀರೊ ಸಮರಬಾಬು, ಕೈಯಲ್ಲಿ ಕೊಡಲಿ. ಕೆಳಗಿನ ಮೂಲೆಯಲ್ಲಿ ಅಂಗೈಯಷ್ಟು ದುಂಡನೆಯ ಚಿತ್ರದಲ್ಲಿ ಗುರುಶಾಂತ. ಪೆಟ್ರೋಲ್ ಬಂಕಿನ ಕಾವಲುಗಾರನ ಅಂಗಿ, ಅರ್ಧ ಮುಚ್ಚಿದ ಕಣ್ಣು.

"ಕಾಕಾನ ಸಿನಿಮಾ ಫೋಟೊ ಎಲ್ಲೂ ಸಿಗಲಿಲ್ಲ ಕಾಕಿ," ಎಂದ. "ಇದನ್ನ ಮೊಬೈಲಿನ್ಯಾಗ ಹುಡುಕಿ ತಗದೆ. ಹೆಂಗದ?"

ಕಸ್ತೂರಿಬಾಯಿ ಬಾಗಿಲಿಗೆ ಬಂದು ನೋಡಿದಳು. "ಈ ಜಿಗಿತ ನಿಮ್ಮ ಕಾಕಾಂದು. ಮಾರಿ ಆ ಹೀರೊಂದು," ಎಂದು ಒಳಗೆ ಹೋದಳು.

*

ಮದುವೆಯಾದ ಎರಡನೆಯ ತಿಂಗಳು ಗುರುಶಾಂತ ಅವಳನ್ನು ಹುಮನಾಬಾದಿನ ಟಾಕೀಜಿಗೆ ಕರೆದೊಯ್ದಿದ್ದ. ಹೈದರಾಬಾದಿನಲ್ಲಿ ಸಿನಿಮಾದಾಗ ಇದ್ದಾನೆ ಎಂದಷ್ಟೇ ಅವಳ ತವರಿನವರಿಗೆ ಹೇಳಿದ್ದರು. ಸಮರಬಾಬು ಕುದುರೆಯ ಮೇಲಿಂದ ಹಳ್ಳಕ್ಕೆ ಉರುಳಿದಾಗ ಮಂದಿ ಕುರ್ಚಿಗಳ ಮೇಲೆ ಎದ್ದು ನಿಂತು ಸೀಟಿ ಹೊಡೆದರು.

"ಈಗ ಬಿದ್ದಾಂವ ನಾನು," ಎಂದು ಗುರುಶಾಂತ ಅವಳ ಕಿವಿಯಲ್ಲಿ ಹೇಳಿದ. "ಆ ಬೆನ್ನ ನಂದು."

ಮುಂದಿನ ಸಾಲಿನವನಿಗೆ ಕೇಳಿಸಿತು. "ಏ ಸುಮ್ಮ ಕೂಡಪಾ. ಬೆನ್ನ ನಿಂದಾದ್ರ ಮುಂದಿಂದೆಲ್ಲಾ ಯಾರದು, ನಮ್ಮಪ್ಪಂದಾ?"

ಸುತ್ತಲಿನವರು ನಕ್ಕರು. ಗುರುಶಾಂತನೂ ನಕ್ಕ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದ. ಅದೇ ಹಳ್ಳದ ಕಲ್ಲಿಗೆ ಬಡಿದು ಎರಡು ಹಲ್ಲು ಹೋಗಿದ್ದವು.

ಆಮೇಲೆ ಅವಳು, ಹೀರೊನ ಬದಲಿಗೆ ಅವನು ಬಿದ್ದ ಎಲ್ಲ ಸಿನಿಮಾಗಳನ್ನೂ ನೋಡಿದಳು, ಹುಮನಾಬಾದಿಗೆ ಬರದಿದ್ದರೆ ಬಸವಕಲ್ಯಾಣದಲ್ಲಿ. ಕತೆ ಅವಳಿಗೆ ಹತ್ತುತ್ತಿರಲಿಲ್ಲ, ಭಾಷೆಯೂ ಪೂರ್ತಿ ತಿಳಿಯುತ್ತಿರಲಿಲ್ಲ. ಹೀರೊ ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದಳು. ಬೆನ್ನು ಕಂಡ ಸಿನಿಮಾಕ್ಕೆ ಒಂದರಂತೆ ಎಣಿಸುತ್ತಿದ್ದಳು. ಮೂವತ್ತೆಂಟಕ್ಕೆ ಎಣಿಕೆ ನಿಂತಿತು.

*

ಮೂವತ್ತೆಂಟನೆಯ ಸಿನಿಮಾದ್ದೇ ಫ್ಲೆಕ್ಸಿನಲ್ಲಿದ್ದ ಆ ಲಾರಿಯ ಜಿಗಿತ. ಲಾರಿ ಒಂದು ಮಾರು ಮುಂದೆ ಹೋಗಿತ್ತು. ನಾಲ್ಕು ಪಕ್ಕೆಲುಬು ಮುರಿದವು, ಬಲಮಂಡಿ ಪುಡಿಯಾಯಿತು. ಸಮರಬಾಬು ಆಸ್ಪತ್ರೆಗೆ ಒಂದು ಬುಟ್ಟಿ ಸೇಬು ಕಳಿಸಿದ, ಜೊತೆಗೆ ರುಜು ಹಾಕಿದ ತನ್ನ ಫೋಟೊ.

ಡಾಕ್ಟರ್ ಎರಡು ದಾರಿ ಹೇಳಿದರು. ಮಂಡಿಯನ್ನು ಹೇಗೋ ಜೋಡಿಸಿದರೆ ಸ್ವಲ್ಪ ಮಡಚಬಹುದು, ಆದರೆ ಕಾಲು ಬಾಗಿಯೇ ಉಳಿದು ಕುಂಟಬೇಕಾಗುತ್ತದೆ. ಸರಳು ಹಾಕಿದರೆ ಕಾಲು ನೆಟ್ಟಗೆ ನಿಲ್ಲುತ್ತದೆ, ಆದರೆ ಸಾಯುವತನಕ ಮಡಚುವುದಿಲ್ಲ.

"ಮಡಚಂಗಿರಲಿ ಅನ್ರಿ," ಎಂದಳು ಕಸ್ತೂರಿಬಾಯಿ. "ಉಣ್ಲಾಕ ಕೂಡಬೇಕು, ಲಿಂಗಪೂಜಿಗಿ ಕೂಡಬೇಕು."

ಗುರುಶಾಂತ ಕೇಳಲಿಲ್ಲ. "ನಿಂತ್ರ ಹೀರೊನ ಎತ್ತರ ಬರೋಬ್ಬರಿ ಬರಬೇಕು. ಒಂದಿಂಚ ಕಮ್ಮಿ ಆದ್ರ ಕ್ಯಾಮೆರಾದಾಗ ಗೊತ್ತಾಗ್ತದ. ನಾಳಿ ಕರದ್ರ ಏನ್ ಮಾಡ್ಲಿ?"

ಯಾರೂ ಕರೆಯಲಿಲ್ಲ. ಹೈದರಾಬಾದಿನಲ್ಲಿ ಅವನ ಎತ್ತರದ ಇನ್ನೊಬ್ಬ ಸಿಕ್ಕಿದ್ದ. ಗುರುಶಾಂತ ಊರಿಗೆ ಬಂದು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಂತ. ಊಟವನ್ನೂ ನಿಂತೇ ಮಾಡಿದ.

*

ಸುತ್ತಿಗೆ ಬಂತು. ಅದರ ಹಿಂದೆಯೇ ಗುಣಿ ತೋಡುವ ಗುರುಲಿಂಗ ಬಂದ. ಸತ್ತವರ ಪಾದದಿಂದಲೇ ಗುಣಿ ಅಳೆಯುವುದು ರೂಢಿ. ಅವನು ಗುರುಶಾಂತನ ಎಡ ಅಂಗಾಲಿಗೆ ಜೋಳದ ದಂಟು ಹಿಡಿದು, ಉಗುರಿನಿಂದ ಗುರುತು ಹಾಕಿ ಮುರಿದುಕೊಂಡ.

ದಿಗಂಬರ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿದ. "ಹೆಣ್ಮಕ್ಕಳು ಹೊರಗ ನಡೀರಿ."

ಕಸ್ತೂರಿಬಾಯಿ ಹೊರಗೆ ಹೋಗಲಿಲ್ಲ. ಬಂದು ಗಂಡನ ಬಲಮಂಡಿಯ ಮೇಲೆ ಕೈ ಇಟ್ಟು ಕೂತಳು. "ಮೂವತ್ತೆಂಟ ಸಿನಿಮಾದಾಗ ಮಂದಿ ಹೇಳಿದಂಗ ಬಿದ್ದಾರ ಇವರು. ಇವತ್ತೊಂದಿನ ಬ್ಯಾಡ. ಗುರುಲಿಂಗಣ್ಣಾ, ಪಾದ ಅಳದಿ. ಈ ಕಾಲೂ ಅಳಿ."

"ಇದ್ಯಾಕವ್ವಾ?"

"ಕೂಡೋ ಗೂಡಿನ ಮುಂದ ಈ ಕಾಲಿನಷ್ಟ ಉದ್ದ ಸಂದಿ ತಗಿ. ಇವರು ಕೂತೇ ಹೋಗ್ತಾರ. ಕಾಲ ಚಾಚಿ ಕೂತು ಹೋಗ್ತಾರ."

ಎಲ್ಲರೂ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದರು. ಅವರು ವಿಭೂತಿ ಗಟ್ಟಿಗಳನ್ನು ಪುಡಿ ಮಾಡುತ್ತಿದ್ದರು. "ಶಾಸ್ತ್ರದಾಗ ಹಂಗಿಲ್ಲ, ತಾಯಿ," ಎಂದರು.

"ಶಾಸ್ತ್ರ ಮಾಡಿದವರ ಕಾಲಾಗ ಸರಳ ಇತ್ತೇನ್ರಿ, ಅಯ್ನೋರೆ?"

ಅಯ್ಯನವರು ಕೈಗೆ ಹತ್ತಿದ ವಿಭೂತಿ ಒರೆಸಿಕೊಂಡರು. ಆಮೇಲೆ, "ಅಂಗೈಯಾಗ ಲಿಂಗ ಕೂಡ್ತದಲ್ಲ, ಸಾಕು. ಅಳಿಯೋ ಗುರುಲಿಂಗಾ," ಎಂದರು.

ಗುರುಲಿಂಗ ಎರಡನೆಯ ದಂಟು ತಂದ. ತೊಡೆಯ ಸಂದಿನಿಂದ ಹಿಮ್ಮಡಿಯತನಕ ಹಿಡಿದ. "ನೆಲ ಗರಸು ಅದ, ಕಲ್ಲೇ ಕಲ್ಲು," ಎಂದ. "ಒಂದ ತಾಸ ಹೆಚ್ಚಿಗಿ ಹತ್ತತದ."

"ಹತ್ತಲಿ. ಅವರಿಗೇನು ಶೂಟಿಂಗ್ ಇಲ್ಲ," ಎಂದಳು ಕಸ್ತೂರಿಬಾಯಿ.

ಅಳುತ್ತಿದ್ದವರಲ್ಲಿ ಒಬ್ಬಳು ನಕ್ಕುಬಿಟ್ಟು ಸೆರಗು ಬಾಯಿಗೆ ಹಿಡಿದಳು. ದಿಗಂಬರ ಸುತ್ತಿಗೆಯನ್ನು ಮೂಲೆಗೆ ಇಟ್ಟ.

*

ಮಧ್ಯಾಹ್ನ ಎರಡಕ್ಕೆ ಗುಣಿಗೆ ಇಳಿಸಿದರು. ಗೂಡಿನಲ್ಲಿ ಬೆನ್ನು ಒರಗಿತು. ಎಡಗಾಲು ಮಡಚಿತ್ತು, ಎಡ ಅಂಗೈಯಲ್ಲಿ ಲಿಂಗವಿತ್ತು. ಬಲಗಾಲು ಗುರುಲಿಂಗ ತೆಗೆದ ಸಂದಿಯಲ್ಲಿ ನೆಟ್ಟಗೆ ಚಾಚಿತ್ತು. ಮೇಲಿನಿಂದ ನೋಡಿದರೆ ಬಸ್ಸು ತಪ್ಪಿಸಿಕೊಂಡು ಕಟ್ಟೆಯ ಮೇಲೆ ಕೂತವನ ಹಾಗೆ ಕಾಣುತ್ತಿದ್ದ. ಇಪ್ಪತ್ತೊಂದು ವರ್ಷದಲ್ಲಿ ಅವನು ನೆಲಕ್ಕೆ ಕೂತದ್ದನ್ನು ಊರು ನೋಡಿರಲಿಲ್ಲ.

ವಿಭೂತಿ, ಪತ್ರಿ, ಉಪ್ಪು ಸುರಿದರು. ಮಣ್ಣು ಸೊಂಟದತನಕ ಬಂದರೂ ಬಲ ಪಾದದ ಬೆರಳುಗಳು ಹೊರಗೇ ಇದ್ದವು. ಸಂದಿಯ ತಳ ನಾಲ್ಕು ಬೆರಳು ಮೇಲಾಗಿತ್ತು. ದಿಗಂಬರ ತಾನೇ ಬಗ್ಗಿ ಅವುಗಳಿಗೆ ವಿಭೂತಿ ಹಚ್ಚಿ ಬೊಗಸೆಯಿಂದ ಮಣ್ಣು ಮುಚ್ಚಿದ.

ಬಸವಕಿರಣ ಫ್ಲೆಕ್ಸ್ ಹಿಡಿದು ನಿಂತಿದ್ದ. ಕಟ್ಟಲು ಅಲ್ಲಿ ಗಿಡವಿರಲಿಲ್ಲ.

"ಎಲ್ಲಿ ಹಚ್ಲಿ ಕಾಕಿ?"

"ಮೂಲ್ಯಾಗಿಂದು ಕತ್ತರಿಸಿ ನನಗ ಕೊಡು. ಉಳದದ್ದು ನಿನಗ ಬೇಕಾದ್ರ ಇಟ್ಕೊ."

ಅವನು ಬ್ಲೇಡಿನಿಂದ ಅಂಗೈಯಷ್ಟು ಮುಖವನ್ನು ಕತ್ತರಿಸಿ ಕೊಟ್ಟ. ಉಳಿದದ್ದನ್ನು ನೆಲಕ್ಕೆ ಹಾಸಿದ. ಗುದ್ದಲಿ, ಬುಟ್ಟಿ, ಎರಡು ಜೋಳದ ದಂಟು ಅದರ ಮೇಲೆ ಬಿದ್ದವು. ಸಮರಬಾಬು ಹಾರುತ್ತಲೇ ಇದ್ದ. ಅವನ ಕಾಲ ಕೆಳಗಿನ ದುಂಡನೆಯ ತೂತಿನಲ್ಲಿ ಕೆಂಪು ಮಣ್ಣು ಕಾಣುತ್ತಿತ್ತು.

ಕಸ್ತೂರಿಬಾಯಿ ಅಂಗೈಯಲ್ಲಿದ್ದ ಮುಖ ನೋಡುತ್ತ ಮತ್ತೆ ಎಣಿಸಿದಳು: ಎರಡು ಹಲ್ಲು, ನಾಲ್ಕು ಪಕ್ಕೆಲುಬು, ಒಂದು ಮಂಡಿ, ಮೂವತ್ತೆಂಟು ಸಿನಿಮಾ.