ಒಪ್ಪಿಗೆ ತಾನೆ?

ಹೂಂ ಅಂದದ್ದು ಯಾವುದಕ್ಕೆ?

ಆಫೀಸಿನ ಲಿಫ್ಟ್ ಮೇಲೇರುತ್ತಿದ್ದಾಗ ಅವನಿಗೆ ಹೊಳೆದ ಪ್ರಶ್ನೆ ಇದು. ಬೆಳಿಗ್ಗೆ ಅವನು ಫೋನಿನಲ್ಲಿ ಕಣ್ಣು ನೆಟ್ಟುಕೊಂಡಿದ್ದಾಗ ಹೆಂಡತಿ ಎದುರು ನಿಂತು ಏನೋ ಹೇಳಿದ್ದಳು. ತುಸು ಉದ್ದವಾಗಿಯೇ ಹೇಳಿದ್ದಳು. ಅವನು ಹೂಂ ಅಂದ.

"ಕೇಳಿಸ್ತೇನ್ರೀ?"

"ಹೂಂ."

"ಒಪ್ಪಿಗೆ ತಾನೆ? ಆಮೇಲೆ ಗೊತ್ತಿರ್ಲಿಲ್ಲ ಅನ್ಬಾರ್ದು."

"ಹೂಂ ಅಂದ್ನಲ್ಲೇ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವನನ್ನೇ ನೋಡಿ, ಒಳಗೆ ಹೋದಳು. ಆ ನೋಟ ನೆನಪಾಗುತ್ತಿದೆ. ಮಾತು ಮಾತ್ರ ಏನು ಮಾಡಿದರೂ ನೆನಪಾಗುತ್ತಿಲ್ಲ.

ಕೇಳಿದರಾಯಿತು. ಆದರೆ ಯಾವ ಮುಖ ಇಟ್ಟುಕೊಂಡು? ಹೋದ ತಿಂಗಳಷ್ಟೇ, "ನಿಮ್ಮತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ. ಇನ್ನೊಂದ್ಸಲ ಹೀಗಾದ್ರೆ ನಾನಿರಲ್ಲ" ಎಂದು ಅವಳು ಅತ್ತಿದ್ದಳು. ಇನ್ನು ಮೇಲೆ ಕಿವಿಗೊಟ್ಟು ಕೇಳುತ್ತೇನೆಂದು ಅವನು ಮಾತು ಕೊಟ್ಟಿದ್ದ.

ತಮಾಷೆಯೆಂದರೆ, ಅವನ ಕಸುಬೇ ಇದು. ಹೊಸ ಆಪ್ ಹಾಕಿಕೊಳ್ಳುವಾಗ ಫೋನು ಅನುಮತಿ ಕೇಳುತ್ತದಲ್ಲ, ನಿಮ್ಮ ಫೋಟೋ ನೋಡಬಹುದೇ, ನೀವು ಎಲ್ಲಿದ್ದೀರೆಂದು ತಿಳಿಯಬಹುದೇ ಎಂದು, ಅದು ಜನರಿಗೆ ಎಷ್ಟು ಅರ್ಥವಾಗುತ್ತದೆಂದು ಪರೀಕ್ಷಿಸುವುದು. ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಎದುರುಬದುರು ಕುರ್ಚಿ, ನಡುವೆ ಪರೀಕ್ಷೆಯ ಫೋನು. ಜನ ಬರುತ್ತಾರೆ, ಒತ್ತುತ್ತಾರೆ, ಹೋಗುತ್ತಾರೆ. ಯಾರೂ ಓದುವುದಿಲ್ಲ. ಅದನ್ನು ಸಾಬೀತು ಮಾಡಲೆಂದೇ ಹೋದ ವಾರ ಅವನೊಂದು ಕಿಡಿಗೇಡಿ ವಾಕ್ಯ ಬರೆದಿದ್ದ: 'ಈ ಆಪ್ ನಿಮ್ಮ ಮನೆಯವರನ್ನು ಕರೆದುಕೊಂಡು ಹೋಗುತ್ತದೆ. ಒಪ್ಪಿಗೆಯೇ?' ಬರೆದು, ಒಬ್ಬನೇ ನಕ್ಕಿದ್ದ. ಅಂದಿನಿಂದ ಬಂದವರೆಲ್ಲ ಕೋಲೆ ಬಸವನ ಹಾಗೆ ಒಪ್ಪಿಗೆ ಒತ್ತಿ ಎದ್ದುಹೋಗಿದ್ದರು.

ಇಂದು ಮೊದಲು ಬಂದವನು ಒಬ್ಬ ಟೈಲರ್. ಫೋನು ಕೈಗೆ ಸಿಕ್ಕಿದ್ದೇ ತಡ, ಒತ್ತಿದ.

"ಏನಂತ ಬರ್ದಿತ್ತು?"

"ಎಲ್ಲಾದ್ರಲ್ಲೂ ಕೇಳುತ್ತಲ್ಲ ಸಾರ್, ಅದೇ."

"ಬೇಡ ಅಂತ ಒತ್ಬಹುದಿತ್ತಲ್ಲ?"

"ಬೇಡ ಅಂದ್ರೆ ಮುಂದಕ್ಕೇ ಹೋಗಲ್ಲ ಸಾರ್ ಅದು."

ಬೇರೆ ದಿನವಾಗಿದ್ದರೆ ಅವನು ಈ ಉತ್ತರವನ್ನು ಊಟದ ಹೊತ್ತಿಗೆ ಎಲ್ಲರಿಗೂ ಹೇಳಿ ನಗಿಸುತ್ತಿದ್ದ. ಇವತ್ತು ಊಟ ಬಿಟ್ಟು, ಮೆಟ್ಟಿಲ ಮೂಲೆಯಲ್ಲಿ ನಿಂತು ಮನೆಗೆ ಫೋನು ಮಾಡಿದ.

"ಬೆಳಿಗ್ಗೆ ಹೇಳಿದ್ಯಲ್ಲ... ಅದು ಇವತ್ತೇನಾ?"

"ಇವತ್ತೇ. ಸಂಜೆ ಅಂದ್ನಲ್ಲ."

"ಹೂಂ ಹೂಂ, ಗೊತ್ತು. ಸುಮ್ನೆ ಕೇಳ್ದೆ."

"ಬೇಡ ಅನ್ನೋ ಹಾಗಿದ್ರೆ ಈಗ್ಲೂ ಹೇಳಿ."

"ಛೆ ಛೆ, ನಾನ್ಯಾಕೆ ಬೇಡ ಅನ್ಲಿ?"

"ಸರಿ ಹಾಗಾದ್ರೆ," ಎಂದಳು. ಫೋನಿಟ್ಟಳು.

ಮಧ್ಯಾಹ್ನ ಬಂದವರು ಒಬ್ಬ ನಿವೃತ್ತ ನರ್ಸಮ್ಮ. ಕೂತವರೇ ಚೀಲ ತಡಕಿದರು. "ಕನ್ನಡಕ ಮನೇಲೇ ಬಿಟ್ಟು ಬಂದಿದೀನಪ್ಪ. ನೀನೇ ಓದಿಬಿಡು."

ಪರೀಕ್ಷೆಯ ನಿಯಮದಂತೆ ಹಾಗೆ ಓದಿ ಹೇಳುವಂತಿರಲಿಲ್ಲ. ವಾದ ಮಾಡುವ ತ್ರಾಣವಿಲ್ಲದೆ ಓದಿದ. "ಈ ಆಪ್ ನಿಮ್ಮ ಮನೆಯವರನ್ನು ಕರೆದುಕೊಂಡು..." ಅಲ್ಲಿಗೆ ಅವನ ದನಿ ನಿಂತಿತು. ಹೆಂಡತಿಯ ಬೆಳಗಿನ ಮಾತಿನ ಒಂದು ಚೂರು ತಾನಾಗಿಯೇ ಬಂದು ಕಿವಿಗೆ ಬಿತ್ತು: 'ಪುಟಾಣೀನೂ ಕರ್ಕೊಂಡು.' ಪುಟಾಣಿ ಅಂದರೆ ಮಗಳು. ಮಿಕ್ಕಿದ್ದನ್ನು ಹೇಗೋ ಓದಿ ಮುಗಿಸಿದ.

"ಅಯ್ಯೋ ರಾಮ! ಬಿಡ್ತು ಅನ್ನು! ಬೇಡವೇ ಬೇಡ. ಬೇಡ ಅನ್ನೋಕೆ ಎಲ್ಲಿ ಒತ್ಬೇಕು?"

ಅವನು ತೋರಿಸಿದ. ನರ್ಸಮ್ಮ ಗಟ್ಟಿಯಾಗಿ ಒತ್ತಿದರು. ವಾಕ್ಯ ಮಾಯವಾಗಿ ಪರದೆಯ ನಡುವೆ ಒಂದು ಬೆಳಕಿನ ಬಳೆ ಸುತ್ತತೊಡಗಿತು. ಸುತ್ತಿಯೇ ಸುತ್ತಿತು. ಅವರು ಕಾದು ಬೇಸತ್ತು ಎದ್ದುಹೋದರೂ ಅದು ನಿಲ್ಲಲಿಲ್ಲ.

ಆಪನ್ನು ಬರೆದ ಸಹೋದ್ಯೋಗಿಯನ್ನು ಕರೆಸಿದ. ಯಾರು ಏನು ಕೇಳಿದರೂ ಆಗಲಿ ಅನ್ನುವ ಅವನಿಗೆ ಆಫೀಸಿನಲ್ಲಿ ತಥಾಸ್ತು ಎಂದೇ ಹೆಸರು.

"ಬೇಡ ಅಂದ್ರೆ ಎಲ್ಲಿಗೆ ಹೋಗ್ಬೇಕು ಅಂತ ನಾವು ಬರ್ದೇ ಇಲ್ಲ ಸಾರ್," ಎಂದ ತಥಾಸ್ತು. "ಯಾರೂ ಅನ್ನಲ್ಲ ಬಿಡು ಅಂತ ನೀವೇ ಹೇಳಿದ್ರಲ್ಲ."

"ಆಫ್ ಮಾಡಿಬಿಡು."

"ಅದೂ ಆಗ್ತಿಲ್ಲ. ಚಾರ್ಜ್ ಮುಗಿಯೋವರೆಗೂ ಹೀಗೇ."

ಅವನು ಫೋನನ್ನು ಚೀಲಕ್ಕೆ ತುರುಕಿಕೊಂಡು, ಯಾರಿಗೂ ಹೇಳದೆ ಹೊರಟ. ಬಸ್ಸಿನಲ್ಲಿ ಕೂರಲಾಗದೆ ಬಾಗಿಲ ಬಳಿ ನಿಂತೇ ಇದ್ದ.

ಮನೆಯ ಹೊಸ್ತಿಲಲ್ಲಿ ಎರಡು ಸೂಟ್‌ಕೇಸು, ಮೇಲೆ ಮಗಳ ಶಾಲೆಯ ಚೀಲ.

"ಬೇಗ ಬಂದ್ರಿ, ಒಳ್ಳೇದಾಯ್ತು. ಕೀಲಿ ಕೊಟ್ಟೇ ಹೋಗ್ತೀನಿ," ಎಂದಳು ಹೆಂಡತಿ. "ಅಕ್ಕನ ಊರಲ್ಲಿ ಇವಳಿಗೆ ಸೋಮವಾರದಿಂದ ಶಾಲೆ. ಹೇಳಿದ್ನಲ್ಲ."

"ಹೇಳಿದ್ದೆ," ಎಂದ ಅವನು.

"ವಾಪಸ್ ಬರ್ತೀನಿ ಅಂತ ಕಾಯ್ಬೇಡಿ ಅಂತಾನೂ ಹೇಳಿದ್ದೆ." ಅವಳು ಸೂಟ್‌ಕೇಸಿನ ಹಿಡಿ ನೋಡುತ್ತಿದ್ದಳು. "ಒಂದು ಜಗಳಾನಾದ್ರೂ ಆಡ್ತೀರಿ ಅಂದ್ಕೊಂಡಿದ್ದೆ. ಮೂರು ಸಲ ಕೇಳ್ದೆ. ಮಧ್ಯಾಹ್ನ ಫೋನ್ ಬಂದಾಗ, ಬೇಡ ಅಂತಾರೇನೋ ಅಂತ ಆಸೆ ಕೂಡ ಪಟ್ಟೆ."

ಕೇಳಿಸಿಕೊಂಡಿರಲಿಲ್ಲ ಎಂದರೆ ಅವಳು ಹೋಗುವುದೇ ಸರಿ ಎಂದಾಗುತ್ತದೆ. ಕೇಳಿಸಿಕೊಂಡಿದ್ದೆ ಎಂದರೆ ತಾನೇ ಕಳಿಸಿಕೊಟ್ಟಂತೆ. ಎರಡರ ನಡುವೆ ಮೂರನೆಯ ಮಾತೊಂದು ಇರಲೇಬೇಕು ಎಂದು ಹುಡುಕುತ್ತ ನಿಂತ. ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಮಗಳು ಅವನ ಅಂಗಿಯ ತುದಿ ಜಗ್ಗಿದಳು. "ಅಪ್ಪಾ, ನಾವು ಹೋಗ್ಲಾ?"

ಈ ಸಲ ಒಂದೊಂದು ಅಕ್ಷರವೂ ಕೇಳಿಸಿತು. ಅರ್ಥವೂ ಆಯಿತು. ಅವಳ ಮುಖ ನೋಡುತ್ತಲೇ ಅವನು, "ಹೂಂ" ಅಂದ.

ಕಾರಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಬಾಗಿಲು ಹಾಕಿಕೊಂಡು ಒಳಗೆ ಬಂದ. ದೀಪ ಹಾಕಲಿಲ್ಲ.

"ಬೇಡ," ಎಂದ. ಮತ್ತೊಮ್ಮೆ, ಜೋರಾಗಿ, "ಬೇಡ ಕಣೇ!"

ಕುರ್ಚಿಯ ಮೇಲೆ ಎಸೆದಿದ್ದ ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರೊಳಗೆ ಆ ಬೆಳಕಿನ ಬಳೆ ಇನ್ನೂ ಸುತ್ತುತ್ತಲೇ ಇತ್ತು.