ಮೂರರಷ್ಟು ದರದ ಕೋಣೆ

ಕಳ್ಳ ತೂಕದ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡ ಕ್ಷಣದಲ್ಲೇ ಗುರುತಿಸುತ್ತಿದ್ದ ಮನುಷ್ಯನಿಗೆ ತನ್ನ ಅಡುಗೆಮನೆಯ ಮೇಜಿನ ಮುಂದೆ ಆರು ತಿಂಗಳು ನಡೆದ ಏರ್ಪಾಡಿನ ಸುಳಿವು ಹತ್ತಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಇನ್ಸ್‌ಪೆಕ್ಟರರಾಗಿದ್ದು ನಿವೃತ್ತರಾದ ಅವರನ್ನು ಅಂಗಡಿಯವರು ಎದುರಿಗೆ ಸಾಹೇಬರೆಂದೂ ಬೆನ್ನ ಹಿಂದೆ ತಕ್ಕಡಿಯೆಂದೂ ಕರೆಯುತ್ತಿದ್ದರು. ಎರಡೂ ಹೆಸರು ಅವರಿಗೆ ತಿಳಿದಿತ್ತು. ಎರಡರಲ್ಲೂ ಅವರಿಗೆ ತಪ್ಪು ಕಾಣುತ್ತಿರಲಿಲ್ಲ.

ಏಳು ದಿನಗಳ ಹಡಗಿನ ಪ್ರವಾಸದ ಮಾತು ತೆಗೆದವಳು ಮಗಳು. ಬಣ್ಣದ ಪುಸ್ತಿಕೆಯೊಂದನ್ನು ತಂದು ಅಪ್ಪ ಅಮ್ಮನ ನಡುವೆ ಇಟ್ಟಳು. ಹೆಂಡತಿ ಪುಟ ತಿರುವುತ್ತ ಹೋಗಿ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಹತ್ತನೆಯ ಅಂತಸ್ತಿನ ಸೂಟ್ ಕೋಣೆ. ಒಂದು ಬದಿಯೆಲ್ಲ ಗಾಜು, ಅದರಾಚೆ ಬಾಲ್ಕನಿ. ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ರಾತ್ರಿ ಪಾಳಿಯ ನರ್ಸ್ ಆಗಿ ದುಡಿದ ಆಕೆ ಇಂಥದ್ದು ಬೇಕೆಂದು ಬಾಯಿಬಿಟ್ಟು ಕೇಳಿದ್ದು ಬಹಳ ಕಡಿಮೆ.

ಸಾಹೇಬರು ಕನ್ನಡಕ ಏರಿಸಿಕೊಂಡು ದರದ ಪಟ್ಟಿ ಓದಿದರು. ಮೂರನೆಯ ಅಂತಸ್ತಿನ ಒಳಗಿನ ಕ್ಯಾಬಿನ್ನಿಗೆ, ಅಂದರೆ ಕಿಟಕಿಯೇ ಇಲ್ಲದ ಕೋಣೆಗೆ, ಒಂದು ಪಾಲು ದರವಾದರೆ ಸೂಟಿಗೆ ಸರಿಯಾಗಿ ಮೂರು ಪಾಲು.

"ಹಡಗು ಒಂದೇ, ಸಮುದ್ರ ಒಂದೇ, ತಲುಪೋ ಹೊತ್ತೂ ಒಂದೇ," ಎಂದು ಅವರು ಬೆರಳು ಮಡಿಸಿದರು. "ಮಲಗಿದಾಗ ಕಣ್ಣು ಮುಚ್ಚಿರುತ್ತೆ, ಕಿಟಕಿ ಬೇಡ. ಎದ್ದಾಗ ಮೇಲೆ ಓಡಾಡ್ತೀವಿ, ಆಗ ಇಡೀ ಸಮುದ್ರ ಪುಕ್ಕಟೆ. ಇನ್ನು ಮೂರರಷ್ಟು ಕೊಟ್ಟ ಕಿಟಕೀನ ಯಾವಾಗ ನೋಡ್ತೀಯ? ನೀನೇ ಹೇಳು."

"ನಿಮ್ಮ ಲೆಕ್ಕ ಸರಿಯಾಗಿದೆ," ಎಂದಳು ಹೆಂಡತಿ.

ಅಷ್ಟು ಬೇಗ ಒಪ್ಪಿದ್ದಕ್ಕೆ ಅವರು ಅನುಮಾನಪಡಬೇಕಿತ್ತು, ಪಡಲಿಲ್ಲ. ಮದುವೆಯಾದಂದಿನಿಂದಲೂ ಖರ್ಚೆಲ್ಲ ಅರ್ಧರ್ಧವೆಂಬುದು ಆ ಮನೆಯ ಕಟ್ಟಳೆ. ಒಳಗಿನ ಕ್ಯಾಬಿನ್ನಿನ ಅರ್ಧ ದರವನ್ನು ಮಗಳ ಕೈಗಿತ್ತು ಸಾಹೇಬರು ಆ ವಿಷಯವನ್ನು ಮುಗಿಸಿಬಿಟ್ಟರು.

ಹಡಗು ಹತ್ತುವ ದಿನ, ಕೌಂಟರಿನ ಹೆಂಗಸು ಎರಡು ಕಾರ್ಡುಗಳನ್ನು ಮುಂದೆ ಸರಿಸಿದಾಗ ಎರಡೂ ಒಂದೇ ಬಾಗಿಲಿನವೆಂದು ಅವರು ತಿಳಿದರು.

"ಸಾರ್, ನಿಮ್ಮದು ಮೂರನೇ ಅಂತಸ್ತು. ಮೇಡಂ, ನಿಮ್ಮದು ಹತ್ತನೇದು. ಮೇಡಂಗೆ ಆ ಕಡೆಯ ಲಿಫ್ಟು."

"ಎಲ್ಲೋ ತಪ್ಪಾಗಿದೆಯಮ್ಮ. ನಾವು ಗಂಡ ಹೆಂಡತಿ."

"ತಪ್ಪಾಗಿಲ್ಲ ಸಾರ್. ಎರಡು ಕೋಣೆ ಇದೆ. ಒಬ್ಬರೇ ಇದ್ರೂ ಕೋಣೆಯ ಪೂರ್ತಿ ದರ ಬೀಳುತ್ತೆ ಅಂತ ಮೊದಲೇ ಹೇಳಿದ್ವಿ. ಉಳಿದದ್ದೆಲ್ಲ ಮೇಡಂ ಕಟ್ಟಿದ್ದಾರೆ."

ಸಾಹೇಬರ ಕಾಲು ನಿಂತಲ್ಲೇ ನೆಟ್ಟುಹೋಯಿತು; ತಲೆ ಮಾತ್ರ ಅಭ್ಯಾಸಬಲದಿಂದ ಲೆಕ್ಕ ಹಾಕಿತು. ತನ್ನ ಕ್ಯಾಬಿನ್ನಿನ ಉಳಿದರ್ಧ, ಅದರ ಮೇಲೆ ಸೂಟಿನ ಮೂರು ಪಾಲು, ಒಟ್ಟು ಮೂರೂವರೆ. ತಾನು ಕೊಟ್ಟದ್ದು ಅರ್ಧ. ಅಂದರೆ ಅವಳು ಏಳರಷ್ಟು ಕೊಟ್ಟಿದ್ದಾಳೆ, ಗಂಡನಿಂದ ಏಳು ಅಂತಸ್ತು ಮೇಲೆ ಇರುವುದಕ್ಕೆ.

"ಏನೇ ಇದು?" ಎಂದರು. ದನಿ ಅವರದೆಂದು ಅವರಿಗೇ ಅನ್ನಿಸಲಿಲ್ಲ.

"ನಿಮ್ಮ ಲೆಕ್ಕಕ್ಕೆ ಯಾವ ಕೋಣೆ ಕೂಡಿಬಂತೋ ಅದು ನಿಮಗೆ ಸಿಕ್ಕಿದೆ. ನನ್ನ ಲೆಕ್ಕ ಬೇರೆ ಇತ್ತು."

"ನೀನು ಹೇಳಲೇ ಇಲ್ಲವಲ್ಲ."

"ನೀವು ಕೇಳಲೇ ಇಲ್ಲವಲ್ಲ."

ಬಿಳಿ ಕೈಗವಸಿನ ಬಟ್ಲರ್ ಒಬ್ಬ ಬಂದು ಆಕೆಯ ಪೆಟ್ಟಿಗೆ ಎತ್ತಿಕೊಂಡ. ಹೆಂಡತಿ ಅವನ ಹಿಂದೆ ಹೊರಟವಳು ಒಮ್ಮೆ ತಿರುಗಿ, "ಮಧ್ಯಾಹ್ನ ಊಟ ಆದ ತಕ್ಷಣ ಮಾತ್ರೆ ಮರೀಬೇಡಿ," ಎಂದಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ತಾನು ನಿಂತಿರುವುದು ಪ್ರವಾಸದ ಬಾಗಿಲಿನಲ್ಲೋ ಸಂಸಾರದ ಕೊನೆಯಲ್ಲೋ ಎಂಬುದು ಸಾಹೇಬರಿಗೆ ತಿಳಿಯದಾಯಿತು. ಅರವತ್ತೆಂಟನೆಯ ವಯಸ್ಸಿನಲ್ಲಿ ಹೆಂಡತಿ ಬಿಟ್ಟುಹೋದಳೆಂದರೆ ಯಾರಿಗೆ ಏನೆಂದು ಹೇಳುವುದು?

ಕ್ಯಾಬಿನ್ನು ಚೊಕ್ಕಟವಾಗಿತ್ತು. ಉದ್ದಕ್ಕೆ ಐದು ಹೆಜ್ಜೆ, ಅಗಲಕ್ಕೆ ಮೂರು. ಕಿಟಕಿಯಿರಬೇಕಾದಲ್ಲಿ ಸಮುದ್ರದ ಚಿತ್ರವೊಂದಿತ್ತು. ಮಂಚ ಇಬ್ಬರದು. ಮನೆಯ ಮಂಚದ ಬಗ್ಗೆ ಸಾಹೇಬರು ಹಿಂದೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದುದುಂಟು: ರಾತ್ರಿ ತಾನು, ಹಗಲು ಅವಳು, ಒಂದೇ ಮಂಚ ಎರಡು ಪಾಳಿಯಲ್ಲಿ ದುಡಿಯುತ್ತದೆ, ಸರ್ಕಾರದ ಯಾವ ಆಸ್ತಿಯೂ ಇಷ್ಟು ಉಪಯೋಗಕ್ಕೆ ಬಂದಿಲ್ಲ. ಕೇಳಿದವರು ನಗುತ್ತಿದ್ದರು. ಅವಳು ನಗುತ್ತಿದ್ದಳೇ ಎಂದು ಈಗ ನೆನಪಿಸಿಕೊಳ್ಳಲು ನೋಡಿದರು, ನೆನಪಾಗಲಿಲ್ಲ. ಸಮುದ್ರದ ಮೇಲೆ ಕರೆಯ ದರ ವಿಪರೀತವೆಂದು ಫೋನನ್ನು ಹಡಗು ಹತ್ತುವ ಮೊದಲೇ ಆರಿಸಿದ್ದರು. ಊಟ ಸೇರಲಿಲ್ಲ. ಮಾತ್ರೆ ನುಂಗಿ, ದೀಪ ಆರಿಸಿ, ಸಿಟ್ಟನ್ನೇ ಹೊದ್ದು ಮಲಗಿದರು.

ಎಚ್ಚರವಾದಾಗ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲೆ. ತಡಕಾಡಿ ದೀಪ ಹಾಕಿ ಕೈಗಡಿಯಾರ ನೋಡಿದರು. ಐದೂವರೆಯಾಗಿತ್ತು. ನಲವತ್ತು ವರ್ಷಗಳಿಂದ ಅವರು ಏಳುವ ಹೊತ್ತು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಲೋಕವೇ ತಲೆಕೆಳಗಾದರೂ ದೇಹ ಶಿಸ್ತು ಬಿಟ್ಟಿಲ್ಲವೆಂದು ಸ್ವಲ್ಪ ಸಮಾಧಾನವಾಯಿತು. ಹಲ್ಲುಜ್ಜಿದರು, ಗಡ್ಡ ಹೆರೆದರು, ಸ್ನಾನ ಮಾಡಿ ಇಸ್ತ್ರಿಯ ಅಂಗಿ ತೊಟ್ಟರು. ರಾತ್ರಿಯೆಲ್ಲ ಅವಳು ಒಮ್ಮೆಯೂ ವಿಚಾರಿಸಲಿಲ್ಲ ಎಂಬ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು.

ಹಡಗಿನ ಮೇಲಂತಸ್ತಿನ ಕಟಾಂಜನದ ಬಳಿ ಗಾಳಿ ತಂಪಾಗಿತ್ತು. ನೀರಿನಿಂದ ಒಂದು ಗೇಣು ಮೇಲೆ ಕೆಂಪು ಸೂರ್ಯ. ಒಳ್ಳೆಯ ಅಲಂಕಾರ ಮಾಡಿಕೊಂಡ ಜನ ಆಗಲೇ ಗ್ಲಾಸು ಹಿಡಿದು ನಗುತ್ತಿದ್ದರು. ಬೆಳಗಾಗುತ್ತಲೇ ಕುಡಿಯುವವರೆಂದು ಸಾಹೇಬರು ಮುಖ ತಿರುಗಿಸಿ, ಕಟಾಂಜನವನ್ನು ಒರೆಸುತ್ತಿದ್ದ ನಾವಿಕನನ್ನು ಕೇಳಿದರು:

"ಬೆಳಗಿನ ತಿಂಡಿ ಎಷ್ಟಕ್ಕಪ್ಪ?"

"ಏಳಕ್ಕೆ ಶುರು, ಸಾರ್."

ಗಡಿಯಾರದಲ್ಲಿ ಆರು. "ಹಾಗಾದ್ರೆ ಇನ್ನೂ ಒಂದು ಗಂಟೆ ಇದೆ."

ನಾವಿಕ ಅವರನ್ನೂ ಗಡಿಯಾರವನ್ನೂ ನೋಡಿದ. "ಹದಿಮೂರು ಗಂಟೆ ಇದೆ, ಸಾರ್."

ಸಾಹೇಬರು ಸೂರ್ಯನ ಕಡೆಗೆ ತಿರುಗಿದರು. ಮೇಲೇರಲೆಂದು ಕಾದು ನಿಂತರು. ಒಂದು ಗೇಣಿದ್ದುದು ನಾಲ್ಕು ಬೆರಳಾಯಿತು, ಎರಡು ಬೆರಳಾಯಿತು. ಸೂರ್ಯ ಇಳಿಯುತ್ತಿದ್ದ. ಮೂವತ್ತಾರು ವರ್ಷ ಜನರ ಅಳತೆಯ ತಪ್ಪು ಹಿಡಿದವನಿಗೆ ಸಂಜೆಗೂ ಬೆಳಗಿಗೂ ವ್ಯತ್ಯಾಸ ತಿಳಿಯದೇ ಹೋಗಿತ್ತು. ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡು ಲಿಫ್ಟಿನ ಕಡೆ ನಡೆದರು.

ಹತ್ತನೆಯ ಅಂತಸ್ತಿಗೆ ಅವರ ಕಾರ್ಡನ್ನು ಲಿಫ್ಟು ಒಪ್ಪಲಿಲ್ಲ. ಗೋಡೆಯ ಫೋನಿನಲ್ಲಿ ಕೇಳಿದಾಗ, ಮೇಲಿನವರು ಕರೆಸಿಕೊಂಡರೆ ಮಾತ್ರ ಬರಬಹುದೆಂಬ ಉತ್ತರ ಬಂತು. ಸಂಪರ್ಕ ಕೊಟ್ಟರು.

"ಯಾರು?"

"ನಾನು."

"ನಾನು ಅಂದ್ರೆ?"

"ನಿನ್ನ ಗಂಡ."

"ಬಟ್ಲರನ್ನ ಕಳಿಸ್ತೀನಿ. ಅಲ್ಲೇ ನಿಂತಿರಿ."

ಕೋಣೆಯ ಬಾಗಿಲು ತೆರೆದಾಗ ಅವರ ಕಣ್ಣು ಕುಕ್ಕಿತು. ಗೋಡೆಯಿದ್ದಿರಬೇಕಾದಲ್ಲೆಲ್ಲ ಗಾಜು, ಗಾಜಿನ ತುಂಬ ಆಕಾಶ, ನೀರು. ಹೆಂಡತಿ ಕುರ್ಚಿಯಲ್ಲಿ ಕುಳಿತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದಳು. ಪೆಟ್ಟಿಗೆಯನ್ನು ಇನ್ನೂ ಬಿಚ್ಚಿರಲಿಲ್ಲ.

"ಮಧ್ಯಾಹ್ನದಿಂದ ಏನು ಮಾಡ್ದೆ?"

"ನೋಡ್ದೆ."

ಸಾಹೇಬರು ಮಂಚದ ಅಂಚಿನಲ್ಲಿ ಕುಳಿತು ಗಡ್ಡ ಹೆರೆದದ್ದರಿಂದ ಹದಿಮೂರು ಗಂಟೆಯವರೆಗೂ ಹೇಳಿದರು. ಅವಳು ನಗಬಹುದೆಂದು ಕಾದರು. ಅವಳು ನಗಲಿಲ್ಲ.

"ಎದ್ದಾಗ ಬಾಯಿ ಒಣಗಿತ್ತಾ?"

"ಹೌದು."

"ಎಲ್ಲರೂ ನನ್ನನ್ನ ಮರೆತು ಎಲ್ಲೋ ಹೋದ್ರು ಅನ್ನಿಸ್ತಾ?"

ಸಾಹೇಬರು ಬೆಚ್ಚಿ ನೋಡಿದರು. "ನಿನಗೆ ಹೇಗೆ ಗೊತ್ತು?"

"ನೀವು ಎದ್ದದ್ದು ಒಂದು ಸಲ. ನಾನು ಮೂವತ್ತೊಂದು ವರ್ಷ ಹಾಗೇ ಎದ್ದೆ. ಹಗಲು ಮಲಗೋಕೆ ನಮ್ಮ ಕೋಣೆಗೆ ದಪ್ಪನೆ ಪರದೆ ತನ್ನಿ, ಬೇಕಾದಾಗ ಸರಿಸ್ತೀನಿ ಅಂದೆ. ನೀವು ಲೆಕ್ಕ ಹಾಕಿದ್ರಿ. ಪರದೆ ಮೂರು ವರ್ಷಕ್ಕೆ ಹಾಳಾಗುತ್ತೆ, ಬಣ್ಣ ಹಾಳಾಗಲ್ಲ ಅಂತ. ಕಿಟಕಿ ಗಾಜಿಗೆ ಎರಡು ಕೋಟು ಕಪ್ಪು ಬಣ್ಣ ಹೊಡೆದ್ರಿ."

"ನಿನ್ನ ನಿದ್ದೆಗೆ ಅಂತ ಹೊಡೆದೆ. ಒಂದು ಎಳೆ ಬೆಳಕೂ ಬರಬಾರದು ಅಂತ."

"ಬರಲಿಲ್ಲ. ಚೆನ್ನಾಗಿ ಹೊಡೆದಿದ್ರಿ." ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಅವರಿಗೆ ಹೆಚ್ಚು ತಾಗಿತು. "ನನ್ನ ಕೆಲಸ ಮುಗಿದು ಐದು ವರ್ಷ ಆಯ್ತು. ಗಾಜು ತೆಗೆಸಿ ಅಂತ ಮೂರು ಸಲ ಕೇಳಿದೆ. ಹಗಲು ಹೊತ್ತು ಮಲಗೋ ಕೋಣೇಲಿ ಯಾರಿರ್ತಾರೆ ಅಂದ್ರಿ."

ಅಂದದ್ದು ನಿಜ. ಮೂರು ಸಲವೂ ಅಂದಿದ್ದರು. ಮೂರು ಸಲವೂ ಅದು ಸರಿಯಾದ ಉತ್ತರವಾಗಿತ್ತು. ಸಾಹೇಬರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು.

"ಮನೆಗೆ ಬರ್ತೀಯೋ ಇಲ್ವೋ?"

"ನನ್ನ ಮನೆಗೆ ನಾನ್ಯಾಕೆ ಬರಬಾರದು? ಬರ್ತೀನಿ. ಆ ಕಿಟಕಿ ಇರೋ ಕೋಣೆಗೆ ಬರಲ್ಲ."

"ಹೋದ ದಿನವೇ ಗಾಜು ಬದಲಾಯಿಸ್ತೀನಿ."

"ನೀವು ಬದಲಾಯಿಸೋದು ಏನೂ ಉಳಿದಿಲ್ಲ. ಇವತ್ತು ಹನ್ನೊಂದು ಗಂಟೆಗೆ ಮೇಸ್ತ್ರಿ ಆ ಕಿಟಕೀನ ಚೌಕಟ್ಟಿನ ಸಮೇತ ಕಿತ್ತು ಹಾಕಿದ್ದಾನೆ."

ತಾನು ಕೌಂಟರಿನ ಸಾಲಿನಲ್ಲಿ ನಿಂತಿದ್ದಾಗ ಮನೆಯ ಗೋಡೆ ಒಡೆಯುತ್ತಿತ್ತು.

"ನೀವು ಮನೇಲಿದ್ರೆ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಬಿಡ್ತಿರಲಿಲ್ಲ," ಎಂದಳು ಹೆಂಡತಿ. "ಏಳು ದಿನ ನಿಮ್ಮನ್ನ ಎಲ್ಲಿಗಾದ್ರೂ ಸಾಗಿಸಬೇಕಿತ್ತು. ನಡುವೆ ಇಳಿದು ವಾಪಸ್ ಓಡಿಬರೋಕೆ ಆಗದಂಥ ಜಾಗ ಬೇಕು ಅಂತ ಮಗಳೇ ಯೋಚಿಸಿದ್ದು."

"ಇಷ್ಟೇ ಆಗಿದ್ರೆ ಈ ಸೂಟ್ ಯಾಕೆ?" ಅವರ ಒಳಗಿನ ಇನ್ಸ್‌ಪೆಕ್ಟರ್ ಇನ್ನೂ ಸತ್ತಿರಲಿಲ್ಲ. "ಕಿಟಕಿ ಕೆಲಸಕ್ಕೆ ಇದರಲ್ಲಿ ಕಾಲು ಭಾಗ ಸಾಕಿತ್ತಲ್ಲ. ಇಷ್ಟು ಕೊಟ್ಟದ್ದು ದಂಡ ಅಲ್ವಾ?"

ಅವಳು ಗಾಜಿನ ಕಡೆ ನೋಡಿದಳು. "ಕಿಟಕಿ ಬೇಕು ಅಂತ ಗೊತ್ತಿತ್ತು. ಎಷ್ಟು ದೊಡ್ಡದು ಬೇಕು ಅಂತ ಗೊತ್ತಿರಲಿಲ್ಲ. ಬೆಳಕು ಹೆಚ್ಚಾದ್ರೆ ತಡೀತೀನೋ ಇಲ್ವೋ ಅನ್ನೋ ಭಯ ಇತ್ತು. ಒಂದು ದಿನವಾದ್ರೂ ಕೂತು ನೋಡದೆ ಮೇಸ್ತ್ರಿಗೆ ಏನು ಹೇಳೋದು? ನಂಗೆ ದಂಡ ಅನ್ನಿಸ್ತಿಲ್ಲ." ಕೈಚೀಲದಿಂದ ಹೊಸ ಅಳತೆ ಟೇಪೊಂದನ್ನು ತೆಗೆದು ಅವರ ಮುಂದೆ ಹಿಡಿದಳು. "ನನಗೆ ಇಷ್ಟೂ ಬೇಕು. ಅಳತೆ ನೀವು ತಗೊಳ್ಳಿ."

ಸಾಹೇಬರು ಎದ್ದರು. ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಅವರು ಎಳೆದುಕೊಂಡು ನಡೆದರು. ಎರಡು ಸಲ ಅಳೆದರು.

"ಹದಿಮೂರು ಅಡಿ. ನಮ್ಮ ಕೋಣೆಯ ಗೋಡೆಯೇ ಹನ್ನೊಂದು."

"ಹಾಗಾದ್ರೆ ಗೋಡೆ ಪೂರ್ತಿ ತೆಗೀಲಿ."

"ಪೂರ್ತಿ ತೆಗೆದ್ರೆ ಛಾವಣಿ ತಲೆ ಮೇಲೆ ಕೂರುತ್ತೆ. ಮೇಲೆ ಭಾರ ಹೊರೋ ಲಿಂಟಲ್ ಕೂರೋಕೆ ಎರಡೂ ಕಡೆ ಒಂಬತ್ತೊಂಬತ್ತು ಅಂಗುಲ ಗೋಡೆ ಬಿಡಲೇಬೇಕು. ಒಂಬತ್ತೂವರೆ ಅಡಿ ಸಿಗುತ್ತೆ."

ಅವಳು ಅವರ ಮುಖವನ್ನು ದಿಟ್ಟಿಸಿದಳು, ಇದರಲ್ಲಿ ಎಲ್ಲಿ ಉಳಿತಾಯ ಅಡಗಿದೆಯೆಂದು ಹುಡುಕುವಂತೆ. ಆಮೇಲೆ ತನ್ನ ಫೋನಿನಿಂದ ಮಗಳಿಗೆ ಕರೆ ಮಾಡಿದಳು. ಕರೆಯ ದರ ಸಾಹೇಬರಿಗೆ ನೆನಪಾಯಿತು, ಬಾಯಿ ತೆರೆಯಲಿಲ್ಲ.

"ಅಪ್ಪನಿಗೆ ಗೊತ್ತಾಯ್ತಾ?" ಮಗಳ ದನಿ ಫೋನಿನಿಂದ ಹೊರಗೂ ಕೇಳಿಸಿತು. "ಕೂಗಾಡಿದ್ರಾ?"

"ಇಲ್ಲ. ಅಳತೆ ಹಾಕಿದ್ರು. ಒಂಬತ್ತೂವರೆ ಅಂತೆ, ಎರಡು ಕಡೆ ಒಂಬತ್ತು ಅಂಗುಲ ಬಿಡಬೇಕಂತೆ. ನಿಜವಾ ಅಂತ ಮೇಸ್ತ್ರಿಯನ್ನ ಕೇಳು."

ಆಚೆ ಕಡೆ ಮಗಳು ಮೇಸ್ತ್ರಿಯನ್ನು ಕೂಗಿ ಕೇಳಿದ್ದು ಕೇಳಿಸಿತು. "ಅವನೂ ಅಷ್ಟೇ ಹೇಳ್ತಿದ್ದಾನೆ, ಅಮ್ಮ."

"ಸರಿ ಹಾಗಾದ್ರೆ."

"ಇನ್ನೊಂದು. ಆಳುಗಳು ಇಲ್ಲೇ ಇದ್ದಾರೆ, ಮಂಚ ಎತ್ತಿಡಿಸ್ಬೇಕು. ನಿನ್ನದು ಗಾಜಿನ ಪಕ್ಕಕ್ಕೆ, ಗೊತ್ತು. ಅಪ್ಪನಿಗೆ ಅಂತ ಹೊಸ ಮಂಚ ತರಿಸಿದ್ವಲ್ಲ, ಅದು ಯಾವ ಕೋಣೆಗೆ?"

ಹೊಸ ಮಂಚ. ಅದೂ ಬಂದಾಗಿತ್ತು. ಸಾಹೇಬರು ಟೇಪಿನ ತುದಿ ಹಿಡಿದೇ ನಿಂತಿದ್ದರು. ಹೊರಗೆ ಬೆಳಕು ಮುಗಿಯುತ್ತ ಬಂದಿತ್ತು. ಗಾಜಿನಲ್ಲಿ ಸಮುದ್ರದ ಜೊತೆಗೆ ಅವರಿಬ್ಬರೂ ಮಸುಕಾಗಿ ಕಾಣಿಸತೊಡಗಿದ್ದರು. ಹೆಂಡತಿ ಬೇಗ ಉತ್ತರಿಸಲಿಲ್ಲ. ತಮ್ಮ ಬಗ್ಗೆ ಇನ್ನೊಬ್ಬರು ತೀರ್ಮಾನಿಸುವುದನ್ನು ಅಷ್ಟು ಹೊತ್ತು ಕಾಯುತ್ತ ನಿಂತ ನೆನಪು ಅವರಿಗಿರಲಿಲ್ಲ.

"ಅದೇ ಕೋಣೆಗೆ," ಎಂದಳು ಕೊನೆಗೆ. "ಒಳಗಿನ ಗೋಡೆ ಕಡೆಗೆ."

ಬಟ್ಲರ್ ಬಾಗಿಲು ತಟ್ಟಿ, ರಾತ್ರಿಯ ಊಟ ಒಬ್ಬರಿಗೋ ಇಬ್ಬರಿಗೋ ಎಂದು ಕೇಳಿದ.

"ಇವತ್ತು ಒಬ್ಬರಿಗೇ," ಎಂದಳು ಹೆಂಡತಿ. ಅನಂತರ ಗಂಡನ ಕಡೆ ತಿರುಗಿ, "ನಾಳೆ ಬನ್ನಿ. ಬರೋ ಮೊದಲು ಫೋನ್ ಮಾಡಿ," ಎಂದಳು.

ಸಾಹೇಬರು ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟರು. ಎಷ್ಟು ಗಂಟೆಗೆ ಎಂದು ಕೇಳಬೇಕೆನಿಸಿತು. ಕೇಳಲು ಧೈರ್ಯ ಬರದೆ, ಬಟ್ಲರ್ ತೆರೆದು ಹಿಡಿದಿದ್ದ ಬಾಗಿಲಿನಿಂದ ಹೊರಗೆ ನಡೆದರು.